ಸೊಲ್ಲೆತ್ತುವ ಹಿರಿಯರು, ದನಿಗೂಡಿಸುವ ಕಿರಿಯರು: ತುಮಕೂರು ಸೀಮೆಯ ವಿಜ್ಞಾನ–ತಂತ್ರಜ್ಞಾನ ವಿದ್ಯಾರ್ಥಿಗಳಲ್ಲಿ ಒಡನಾಡಿ ಮಾರ್ಗದರ್ಶನ

ಜಾನಪದವೆಂದೊಡನೆ ಹಳ್ಳಿ, ಹಾಡು, ಹಬ್ಬ, ಹರಕೆಗಳಷ್ಟೇ ಮನಸ್ಸಿಗೆ ಬರುತ್ತಿದ್ದ ಕಾಲ ಹಿಂದೆ ಸರಿದಿದೆ. ಕನಿಷ್ಠ ಒಂದು ಸಮಾನ ಅಂಶವನ್ನಾದರೂ ಹಂಚಿಕೊಂಡ ಯಾವುದೇ ಗುಂಪು ‘ಜನಪದ’ ಎನಿಸಿಕೊಳ್ಳಬಲ್ಲದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡಿಸ್ 1960ರ ದಶಕದಲ್ಲಿಯೇ ಪ್ರತಿಪಾದಿಸಿದರು. ಈ ನೆಲೆಯಿಂದ ನೋಡಿದರೆ ಎಂಜಿನಿಯರಿಂಗ್ ಕಾಲೇಜಿನ ಅಥವಾ ಬಿ.ಎಸ್ಸಿ. ತರಗತಿಯ ಮೊದಲ ವರ್ಷದ ವಿದ್ಯಾರ್ಥಿಗಳೂ ಒಂದು ಜನಪದ ಸಮುದಾಯವೇ ಸರಿ. ಅವರಿಗೆ ತಮ್ಮವೇ ಆದ ನುಡಿಗಟ್ಟುಗಳಿವೆ, ನಂಬಿಕೆ ಮತ್ತು ಭಯಗಳಿವೆ, ಕೈಯಿಂದ ಕೈಗೆ ಸಾಗುವ ವಸ್ತುಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಹೋದ ವರ್ಷ ಇದೇ ದಾರಿಯನ್ನು ತುಳಿದವರು ಈ ವರ್ಷ ಬಂದವರಿಗೆ ಬಾಯಿಂದ ಬಾಯಿಗೆ ದಾಟಿಸುವ ತಿಳಿವಳಿಕೆಯ ಒಂದು ಪರಂಪರೆ ಇದೆ. ವಿಶ್ವವಿದ್ಯಾನಿಲಯಗಳ ಕಡತಗಳಲ್ಲಿ ‘ಪಿಯರ್ ಮೆಂಟರಿಂಗ್’ ಎಂದು ಕರೆಸಿಕೊಳ್ಳುತ್ತಿರುವ ಪದ್ಧತಿ ಈ ಪರಂಪರೆಯ ಮೇಲೆ ನಿಂತಿದೆಯೇ ಅಥವಾ ಅದನ್ನು ಬದಿಗೊತ್ತಿ ಬಂದಿದೆಯೇ ಎಂಬುದು ಪ್ರಸ್ತುತ ಲೇಖನದ ವಿಚಾರಣೆಯ ವಸ್ತು.

ಈ ವಿಚಾರಣೆಗೆ ತುಮಕೂರು ಸೀಮೆ ಹಲವು ಕಾರಣಗಳಿಂದ ತಕ್ಕ ಕ್ಷೇತ್ರ. ಇದು ಹಾಸ್ಟೆಲುಗಳ ಊರು. ಸಿದ್ಧಗಂಗೆಯ ಮಠ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ನಾಡಿನ ಮೂಲೆಮೂಲೆಯ ಮಕ್ಕಳನ್ನು ಇಲ್ಲಿಗೆ ಸೆಳೆಯಿತು. ಆ ಮಠದ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಪೂರ್ವಾಶ್ರಮದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕವಾಗಿ ಓದುತ್ತಿದ್ದವರು. ಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾದುದರಿಂದ ಪದವಿಯನ್ನು ಪೂರೈಸಲಾಗಲಿಲ್ಲ. 1963ರಲ್ಲಿ ಅವರ ನೇತೃತ್ವದಲ್ಲಿಯೇ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. 1979ರಲ್ಲಿ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ, 2001ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ, 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬಂದವು. ಗುಬ್ಬಿಯ ಹುಡುಗ ರೈಲು ಹಿಡಿದು, ಕುಣಿಗಲ್ಲಿನ ಹುಡುಗಿ ಬೆಳಗಿನ ಬಸ್ಸು ಹಿಡಿದು ತುಮಕೂರಿಗೆ ಬಂದು ಓದುವುದು ಇಲ್ಲಿನ ನಿತ್ಯದ ದೃಶ್ಯ. ಕುಣಿಗಲ್ಲಿನಿಂದ ಬೆಂಗಳೂರಿಗೂ ಆದಿಚುಂಚನಗಿರಿಯ ಕಡೆಗೂ ಹೋಗುವವರಿದ್ದಾರೆ. ಅವರ ಕಥೆಯೂ ಬಹುಮಟ್ಟಿಗೆ ಇದೇ.

ಮರಳ ಮೇಲಿನ ಲೆಕ್ಕ

ಒಡನಾಡಿಯಿಂದ ಒಡನಾಡಿ ಕಲಿಯುವ ಕ್ರಮ ಪಶ್ಚಿಮದಿಂದ ಬಂದುದೆಂಬ ಭಾವನೆ ಶಿಕ್ಷಣ ಕ್ಷೇತ್ರದಲ್ಲಿ ಬೇರೂರಿದೆ. ದಾಖಲೆಗಳು ಹೇಳುವುದು ಬೇರೆಯದನ್ನೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪನಾಯಕನ ರಾಜಧಾನಿ ಇಕ್ಕೇರಿಗೆ ಹೋಗುತ್ತಾನೆ. ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ಸಣ್ಣ ಮರಳನ್ನು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಕಾಣುತ್ತಾನೆ. ಒಬ್ಬ ಪಾಠದ ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳ ಮೇಲೆ ಬರೆಯುವನು. ಉಳಿದವರು ಅದೇ ರಾಗದಲ್ಲಿ ಹೇಳಿ ಬರೆಯುವರು. ನೆಲ ತುಂಬಿದಾಗ ಮತ್ತೆ ಮರಳು ಚೆಲ್ಲುವರು. ಗುರುವೆಲ್ಲಿ ಎಂದು ಕೇಳಿದಾಗ, ಹಿಂದೆ ಕಲಿತುದನ್ನು ಮೆಲುಕು ಹಾಕುತ್ತಿದ್ದೇವೆ, ತಪ್ಪಿದ್ದನ್ನು ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತೇವೆ, ಇದಕ್ಕೆ ಗುರು ಬೇಕಿಲ್ಲ ಎಂಬರ್ಥದ ಉತ್ತರ ಅವನಿಗೆ ದೊರೆಯುತ್ತದೆ. ಆ ಹುಡುಗರು ಕಲಿಯುತ್ತಿದ್ದುದು ಗಣಿತ ಎಂಬುದನ್ನು ಇಲ್ಲಿ ಮರೆಯಬಾರದು. ಇಂದಿನ ಮೊದಲ ವರ್ಷದ ವಿದ್ಯಾರ್ಥಿ ಎಡವುವುದೂ ಬಹುಮಟ್ಟಿಗೆ ಅಲ್ಲಿಯೇ.

ಎರಡು ಶತಮಾನಗಳ ಅನಂತರ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸ್ ಸರಕಾರಕ್ಕೆ ಬರೆದ ವರದಿಯಲ್ಲಿ ಕೂಲಿಮಠಗಳ ಇದೇ ಕ್ರಮವನ್ನು ಮೆಚ್ಚಿ ಬರೆದಿದ್ದಾನೆ. ಮುಂದೆ ಹೋದ ಹುಡುಗರಿಂದ ಹಿಂದಿನವರಿಗೆ ಪಾಠ ಹೇಳಿಸುವುದರಿಂದ ಕಿರಿಯರು ಕಲಿಯುತ್ತಾರೆ, ಹಿರಿಯರ ಕಲಿಕೆಯೂ ಗಟ್ಟಿಯಾಗುತ್ತದೆ ಎಂದು ಅವನು ಗುರುತಿಸಿದ. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ಯೋಗ್ಯವಾದುದೇ ಎಂದೂ ಸೇರಿಸಿದ. ಅವನು ಸೂಚಿಸಿದ ಅನುಕರಣೆ ಆಂಡ್ರೂ ಬೆಲ್‌ನದು. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾಗಿದ್ದ ಬೆಲ್, ದೇಸಿ ಮಕ್ಕಳು ಮರಳ ಮೇಲೆ ಬರೆದು ಕಲಿಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಶಿಕ್ಷಕರು ಒಪ್ಪದಾದಾಗ ಎಂಟು ವರ್ಷದ ಹುಡುಗನೊಬ್ಬನಿಂದ ಕಿರಿಯರಿಗೆ ಪಾಠ ಹೇಳಿಸಿದ. 1797ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ಹೊತ್ತಗೆಯಿಂದ ಇದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಇಂಥದೇ ಇನ್ನೊಂದು ಕ್ರಮವನ್ನು ಬೆಳೆಸಿದ. ಇವೆರಡೂ ಮುಂದೆ ಹಲವು ದೇಶಗಳಿಗೆ ಹರಡಿದವು. ಕ್ಯಾಂಪ್‌ಬೆಲ್‌ನ ವರದಿಯನ್ನು ಧರ್ಮಪಾಲರು 1983ರ ತಮ್ಮ ಗ್ರಂಥದಲ್ಲಿ ಸೇರಿಸಿದ ಮೇಲೆ ಅದು ವಿದ್ವದ್ವಲಯದ ಗಮನವನ್ನು ಮತ್ತೆ ಸೆಳೆಯಿತು.

ಕೂಲಿಮಠವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಮಾಡುವುದು ಸಲ್ಲದು. ಕೋದಂಡ ಹಾಕುವಂತಹ ಕ್ರೂರ ಶಿಕ್ಷೆಗಳು ಅಲ್ಲಿಯೇ ಇದ್ದವು. ಅನೇಕ ಜಾತಿಗಳ ಮಕ್ಕಳಿಗೂ ಬಹುತೇಕ ಹೆಣ್ಣುಮಕ್ಕಳಿಗೂ ಅದರ ಬಾಗಿಲು ಮುಚ್ಚಿತ್ತು. ಮರಳ ಸುತ್ತ ಕುಳಿತ ನಾಲ್ವರ ಸಮಾನತೆ ಆ ನಾಲ್ವರಿಗಷ್ಟೇ ಸೀಮಿತವಾಗಿತ್ತು.

ಹಿಮ್ಮೇಳದ ಶಾಲೆ

ಅಕ್ಷರದ ಬಾಗಿಲು ಮುಚ್ಚಿದ್ದವರಿಗೆ ಬೇರೊಂದು ಶಾಲೆ ಇತ್ತು. ಸೋಬಾನೆ ಪದ ಹಾಡುವ ಹೆಣ್ಣುಮಕ್ಕಳಲ್ಲಿ ಪದ ಬಲ್ಲ ಹಿರಿಯಳು ಸೊಲ್ಲೆತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಹೊಸದಾಗಿ ಬಂದವಳು ಮೊದಮೊದಲು ಸಾಲಿನ ಕೊನೆಯನ್ನಷ್ಟೇ ಹಿಡಿಯುತ್ತಾಳೆ. ತಪ್ಪಿದರೆ ಅವಳ ದನಿ ಉಳಿದವರ ದನಿಯಲ್ಲಿ ಅಡಗಿಹೋಗುತ್ತದೆ, ಯಾರೂ ಎತ್ತಿ ಆಡುವುದಿಲ್ಲ. ಕೆಲವು ಮದುವೆಗಳು ಕಳೆಯುವಷ್ಟರಲ್ಲಿ ಅವಳೇ ಸೊಲ್ಲೆತ್ತುವವಳಾಗುತ್ತಾಳೆ. ಇಲ್ಲಿ ‘ಈಗ ಕಲಿಸುತ್ತೇನೆ’ ಎಂಬ ಘೋಷಣೆಯಿಲ್ಲ, ಪರೀಕ್ಷೆಯಿಲ್ಲ, ಹಾಡುವುದೇ ಕಲಿಯುವುದು.

ತುಮಕೂರು ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಮೂಡಲಪಾಯ ಯಕ್ಷಗಾನದಲ್ಲಿಯೂ ಇದೇ ಕ್ರಮದ ಇನ್ನೊಂದು ರೂಪವಿದೆ. ಸುಗ್ಗಿಯ ಬಿಡುವಿನಲ್ಲಿ ರಾತ್ರಿಯ ತಾಲೀಮು ಆರಂಭವಾದಾಗ ಭಾಗವತರು ಪದ ಮತ್ತು ಕುಣಿತವನ್ನು ಹೇಳಿಕೊಡುತ್ತಾರೆ, ನಿಜ. ಆದರೆ ಪಾತ್ರದ ಒಳಗುಟ್ಟುಗಳು, ಎಲ್ಲಿ ಉಸಿರು ಹಿಡಿಯಬೇಕು, ಭಾರದ ಕಿರೀಟ ಹೊತ್ತು ಎಷ್ಟು ಬಾಗಬಹುದು, ಮುಖವೀಣೆಯ ದನಿ ಏರಿದಾಗ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬಂತಹವು, ಆ ಪಾತ್ರವನ್ನು ಹಿಂದೆ ಮಾಡಿದವನಿಂದಲೇ ಸಿಗಬೇಕು. ಕರಾವಳಿಯ ಬಡಗುತಿಟ್ಟಿನಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಎಳೆಯರಿಗೆಂದೇ ಮೀಸಲಿಟ್ಟಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ಪ್ರೇಕ್ಷಕರು ಇನ್ನೂ ನೆರೆಯುತ್ತಿರುವ ಹೊತ್ತಿನಲ್ಲಿ, ತಪ್ಪಿದರೂ ನಷ್ಟವಿಲ್ಲದ ವೇಳೆಯಲ್ಲಿ, ಕಿರಿಯನಿಗೆ ರಂಗದ ಅಭ್ಯಾಸವಾಗುತ್ತದೆ. ತಪ್ಪು ಮಾಡಲು ಇಂತಹ ಒಂದು ಸುರಕ್ಷಿತ ಹೊತ್ತನ್ನು ಒದಗಿಸಿಕೊಟ್ಟ ಜಾಣ್ಮೆ ಗಮನಾರ್ಹ. ಆಧುನಿಕ ಕಾಲೇಜಿನ ವೇಳಾಪಟ್ಟಿಯಲ್ಲಿ ಇಲ್ಲದಿರುವುದು ಇದೇ.

ಗುಬ್ಬಿಯ ಹೆಸರು ಬಂದಲ್ಲಿ ಕಂಪನಿ ನಾಟಕವನ್ನು ಬಿಡುವಂತಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘಕ್ಕೆ ಬಾಲನಟನಾಗಿ ಸೇರಿದ ವೀರಣ್ಣನವರು (1891–1972) ಮುಂದೆ ಅದರ ಒಡೆಯರಾದರು. ರಾಜಕುಮಾರ್, ಬಿ.ವಿ. ಕಾರಂತರಂತಹವರು ಎಳವೆಯಲ್ಲಿ ಪಳಗಿದ್ದು ಇದೇ ಕಂಪನಿಯಲ್ಲಿ. ಕಾರಂತರನ್ನು ಹೆಚ್ಚಿನ ಓದಿಗಾಗಿ ವೀರಣ್ಣನವರು ಬನಾರಸ್ಸಿಗೆ ಕಳುಹಿಸಿದ ಸಂಗತಿ ಪ್ರಸಿದ್ಧವಾಗಿದೆ. ಕಂಪನಿಯ ಬಿಡಾರದಲ್ಲಿ ಹಿರಿಯ ನಟರೊಡನೆ ಉಂಡು ಮಲಗಿ ಎದ್ದ ಹುಡುಗ ಕಲಿತುದರಲ್ಲಿ ನಾಟಕ ಒಂದು ಪಾಲಷ್ಟೇ. ಮನೆ ಬಿಟ್ಟು ಬದುಕುವ ಬಗೆಯನ್ನೂ ಅವನು ಅಲ್ಲಿಯೇ ಕಲಿತ. ಹಾಸ್ಟೆಲ್ ಸೇರಿದ ಹದಿನೆಂಟರ ಹುಡುಗನಿಗೂ ಮೊದಲು ಬೇಕಾಗುವುದು ಈ ಎರಡನೆಯ ಪಾಠ.

ಮೊದಲ ವರ್ಷದ ಹೊಸ್ತಿಲು

ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ.ಯಲ್ಲಿ ಎರಡು ವರ್ಷ ಇಂಗ್ಲಿಷಿನೊಡನೆ ಗುದ್ದಾಡಿದ ವಿದ್ಯಾರ್ಥಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಸೇರುತ್ತಾನೆ. ಈ ಪ್ರವೇಶ ಕ್ರಮ ರಾಜ್ಯದಲ್ಲಿ 1994ರಿಂದ ಜಾರಿಯಲ್ಲಿದೆ. ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇರುವುದರಿಂದ ಬಾಗಿಲು ತೆರೆದಿದೆಯೆಂಬುದು ನಿಜ. ಬಾಗಿಲೊಳಗೆ ಕಾಲಿಟ್ಟ ಮೇಲೆ ಏನಾಗುತ್ತದೆಂಬುದು ಮೀಸಲಾತಿಯ ಕೈಯಲ್ಲಿಲ್ಲ. ಮೊದಲ ವರ್ಷದ ಪಾಠಗಳು ‘ಫಿಸಿಕ್ಸ್ ಸೈಕಲ್’, ‘ಕೆಮಿಸ್ಟ್ರಿ ಸೈಕಲ್’ ಎಂದು ಎರಡಾಗಿ ಸಾಗುತ್ತವೆ. ಇಂಟರ್ನಲ್ಸ್, ರೆಕಾರ್ಡ್, ವೈವಾ, ಬ್ಯಾಕ್‌ಲಾಗ್, ಇಯರ್ ಬ್ಯಾಕ್ ಎಂಬ ಮಾತುಗಳ ಅರ್ಥವನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಒಂದು ವಿಷಯ ಉಳಿದರೆ ಏನು, ಹಲವು ಉಳಿದರೆ ಏನು, ಮರುಮೌಲ್ಯಮಾಪನಕ್ಕೆ ಹಾಕಬೇಕೆ ಬೇಡವೆ ಎಂಬುದನ್ನು ತಿಳಿಯದೆ ಮನೆಗೆ ಹಿಂತಿರುಗಿದವರುಂಟು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವನೇ ಮೊದಲಿಗನಾದರೆ ಕೇಳುವುದಾದರೂ ಯಾರನ್ನು?

ಇಲ್ಲಿಯೇ ಸೀನಿಯರ್ ಅಣ್ಣ, ಸೀನಿಯರ್ ಅಕ್ಕ ಬರುತ್ತಾರೆ. ನಂಟಸ್ತಿಕೆಯ ಈ ಪದಗಳು ಇಂಗ್ಲಿಷ್ ಪದದೊಡನೆ ಹೀಗೆ ಕೂಡಿಕೊಂಡಿರುವುದು ಸಂಬಂಧದ ಸ್ವರೂಪವನ್ನೇ ಹೇಳುತ್ತದೆ. ಅವರು ದಾಟಿಸುವ ವಸ್ತುಗಳಲ್ಲಿ ಮುಖ್ಯವಾದುದು ಮಿನಿ ಡ್ರಾಫ್ಟರ್. ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಮೊದಲ ವರ್ಷದಲ್ಲಿ ಮಾತ್ರ ಬಳಕೆಯಾಗುತ್ತಿದ್ದ ಈ ಸಾಧನ ವರ್ಷ ಕಳೆದೊಡನೆ ಕಿರಿಯನ ಕೈ ಸೇರುತ್ತಿತ್ತು, ಕೆಲವೊಮ್ಮೆ ಅರ್ಧ ಬೆಲೆಗೆ, ಕೆಲವೊಮ್ಮೆ ಒಂದು ಮಸಾಲೆದೋಸೆಗೆ. ಹಿಂದಿನ ಒಡೆಯರ ಹೆಸರಿನ ಮೊದಲಕ್ಷರಗಳನ್ನು ಅದರ ಮೇಲೆ ಕೊರೆದಿರುವುದೂ ಉಂಟು. ಮನೆತನದ ಒನಕೆಯಂತೆ ವಂಶಾವಳಿಯನ್ನು ಮೈಮೇಲೆ ಹೊತ್ತ ವಸ್ತು ಅದು! ಡ್ರಾಯಿಂಗ್ ಬಹುಮಟ್ಟಿಗೆ ಕಂಪ್ಯೂಟರಿಗೆ ಸರಿದ ಮೇಲೆ ಡ್ರಾಫ್ಟರ್ ಹಿಂದೆ ಬಿದ್ದಿದೆ. ಲ್ಯಾಬ್ ಕೋಟು, ಕ್ಯಾಲ್ಕುಲೇಟರು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇನ್ನೂ ಕೈ ಬದಲಿಸುತ್ತಿವೆ; ಕೈಬರಹದ ನೋಟ್ಸು ಮೊಬೈಲಿನಲ್ಲಿ ಪಿಡಿಎಫ್ ಆಗಿದೆ.

ವಸ್ತುವಿನೊಡನೆ ವಿದ್ಯೆಯೂ ದಾಟುತ್ತದೆ. ಮೊದಲ ವರ್ಷದವರನ್ನು ಕಂಗೆಡಿಸುವ ಪ್ರೊಜೆಕ್ಷನ್ ಪಾಠವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ವಸ್ತುವಿನ ಮುಂದಿನ ನೋಟ ಹಾಳೆಯಲ್ಲಿ ಗೆರೆಯ ಮೇಲೆ ಬರುತ್ತದೆ, ಮೇಲಿನ ನೋಟ ಗೆರೆಯ ಕೆಳಗೆ ಬರುತ್ತದೆ. ಮೇಲಿನಿಂದ ಕಂಡದ್ದು ಕೆಳಗೆ ಹೇಗೆ ಬಂತು? ಹಲಗೆಯ ಮೇಲೆ ಬರೆದ ವ್ಯಾಖ್ಯೆಯಿಂದ ಬಿಡಿಸಿಕೊಳ್ಳದ ಈ ಗಂಟನ್ನು ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು, ಒಂದು ಬೆಂಕಿಪೆಟ್ಟಿಗೆ ಬಿಡಿಸಬಲ್ಲವು. ಪುಸ್ತಕವನ್ನು ಅರ್ಧ ತೆರೆದು, ಒಂದು ಹಾಳೆ ನೆಲದಂತೆ ಮೇಜಿನ ಮೇಲೆ ಮಲಗುವಂತೆ, ಇನ್ನೊಂದು ಗೋಡೆಯಂತೆ ನಿಲ್ಲುವಂತೆ ಇಟ್ಟು, ನಡುವೆ ಬೆಂಕಿಪೆಟ್ಟಿಗೆಯನ್ನು ಹಿಡಿಯಬೇಕು. ಎದುರಿನಿಂದ ನೋಡಿದ ಆಕಾರವನ್ನು ಹಿಂದಿನ ಗೋಡೆಯ ಹಾಳೆಯ ಮೇಲೂ, ಮೇಲಿನಿಂದ ನೋಡಿದ ಆಕಾರವನ್ನು ಕೆಳಗಿನ ನೆಲದ ಹಾಳೆಯ ಮೇಲೂ ಬರೆಯಬೇಕು. ಈಗ ಪೆಟ್ಟಿಗೆ ತೆಗೆದು ಪುಸ್ತಕವನ್ನು ಪೂರ್ತಿ ಬಿಚ್ಚಿದರೆ ಗೋಡೆಯ ಚಿತ್ರ ಮೇಲೆ ಉಳಿಯುತ್ತದೆ, ನೆಲದ ಚಿತ್ರ ಕೆಳಗೆ ಉಳಿಯುತ್ತದೆ. ಪುಸ್ತಕದ ಬೆನ್ನಿನ ಮಡಿಕೆಯೇ ಪಠ್ಯದಲ್ಲಿ ಬರುವ ಎಕ್ಸ್‌ವೈ ಗೆರೆ. ಇದನ್ನು ತೋರಿಸುವ ಹಿರಿಯ ಪ್ರಾಧ್ಯಾಪಕನಿಗಿಂತ ಹೆಚ್ಚು ಬಲ್ಲವನಲ್ಲ. ತಾನು ಎಲ್ಲಿ ಎಡವಿದ್ದೆನೆಂಬುದು ಅವನಿಗೆ ಇನ್ನೂ ಮರೆತಿಲ್ಲ, ಅಷ್ಟೆ. ಬಹಳ ಕಾಲ ಕಲಿಸಿದವರಿಗೆ ತಾವು ಕಲಿತ ಕಷ್ಟ ಮರೆತುಹೋಗಿರುತ್ತದೆ.

ಭಾಷೆಯ ವಿಷಯವೂ ಇಲ್ಲಿ ಸೇರುತ್ತದೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಲಗೆ ಏಳದ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ‘ಅಣ್ಣಾ, ಇಂಟಿಗ್ರೇಷನ್ ಅಂದ್ರೆ ಏನು?’ ಎಂದು ಕೇಳಬಲ್ಲ. ‘ಚೂರು ಚೂರು ಮಾಡಿ ಕೂಡೋದು ಕಣೋ’ ಎಂಬ ಉತ್ತರ ಶಾಸ್ತ್ರೀಯವಾಗಿ ಪೂರ್ಣವಲ್ಲದಿರಬಹುದು, ಆದರೆ ಕಾಲೂರಲು ನೆಲ ಸಿಗುತ್ತದೆ. ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾದ್ದರಿಂದ ಒಳ್ಳೆಯ ಹಿರಿಯ ಅಲ್ಲಿಗೆ ನಿಲ್ಲಿಸದೆ ಆ ಕನ್ನಡದ ತಿಳಿವಳಿಕೆಯನ್ನು ಇಂಗ್ಲಿಷ್ ವಾಕ್ಯಕ್ಕೆ ಹೊಂದಿಸುವುದನ್ನೂ ತೋರಿಸುತ್ತಾನೆ. ಈ ಎರಡನೆಯ ಹೆಜ್ಜೆ ಬಹಳ ಸಲ ತಪ್ಪಿಹೋಗುತ್ತದೆ.

ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು, ವಿದ್ಯಾಸಿರಿ ಸಹಾಯಧನ, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ, ಬಸ್ ಪಾಸು ಇವುಗಳೂ ಹಿರಿಯರ ಪಾಠದ ಭಾಗವೇ. ವಿಜ್ಞಾನಕ್ಕೆ ಇವುಗಳಿಗೇನು ಸಂಬಂಧ ಎನ್ನುವವರು, ವೇತನ ಬಾರದೆ ಶುಲ್ಕ ಕಟ್ಟಲಾಗದೆ ಹಾಲ್ ಟಿಕೆಟ್ಟಿಗಾಗಿ ಅಲೆಯುವ ವಿದ್ಯಾರ್ಥಿಯನ್ನು ನೋಡಿಲ್ಲವೆಂದೇ ತಿಳಿಯಬೇಕು.

ಸಂಸ್ಕಾರವೋ, ಹಿಂಸೆಯೋ?

ಹಿರಿಯ–ಕಿರಿಯ ಸಂಬಂಧದ ಕರಾಳ ರೂಪ ರ‍್ಯಾಗಿಂಗ್. ಇದನ್ನು ‘ಕಾಲೇಜಿನ ಸಂಪ್ರದಾಯ’ವೆಂದು ಸಮರ್ಥಿಸುವವರು ಇಂದಿಗೂ ಇಲ್ಲದಿಲ್ಲ. ಆರ್ನಾಲ್ಡ್ ವಾನ್ ಗೆನ್ನೆಪ್ 1909ರಲ್ಲಿ ಸ್ಥಿತ್ಯಂತರದ ಆಚರಣೆಗಳಲ್ಲಿ ಅಗಲಿಕೆ, ನಡುಗಾಲ, ಸೇರ್ಪಡೆ ಎಂಬ ಮೂರು ಘಟ್ಟಗಳನ್ನು ಗುರುತಿಸಿದನು. ನಡುಗಾಲದಲ್ಲಿ ಕಷ್ಟ, ಅಣಕ, ಪರೀಕ್ಷೆಗಳಿರುವುದು ಅನೇಕ ಸಮಾಜಗಳಲ್ಲಿ ಕಾಣುವ ಸಂಗತಿ. ಆದರೆ ಅಲ್ಲಿ ಆ ಕಷ್ಟವನ್ನು ಸಮುದಾಯದ ಹಿರಿಯರು ಕಾಯುತ್ತಾರೆ, ಅದಕ್ಕೆ ಮಿತಿ ಇರುತ್ತದೆ, ಕೊನೆಯಲ್ಲಿ ಹೊಸಬನನ್ನು ಸಮುದಾಯ ತನ್ನವನೆಂದು ತುಂಬಿಕೊಳ್ಳುತ್ತದೆ. ರ‍್ಯಾಗಿಂಗಿನಲ್ಲಿ ಕಾಯುವವರಿಲ್ಲ, ಮಿತಿಯಿಲ್ಲ. ಸೇರ್ಪಡೆ ಎಂದರೆ ಮುಂದಿನ ವರ್ಷ ಇನ್ನೊಬ್ಬನನ್ನು ಹಿಂಸಿಸುವ ಹಕ್ಕು. ತಲೆಮಾರಿನಿಂದ ತಲೆಮಾರಿಗೆ ಸಾಗಿತೆಂಬ ಮಾತ್ರಕ್ಕೆ ಇದಕ್ಕೆ ಸಂಪ್ರದಾಯದ ಗೌರವ ಸಲ್ಲದು.

1983ರ ಕರ್ನಾಟಕ ಶಿಕ್ಷಣ ಕಾಯಿದೆ ರ‍್ಯಾಗಿಂಗನ್ನು ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ರಚಿತವಾದ ಆರ್.ಕೆ. ರಾಘವನ್ ಸಮಿತಿ 2007ರಲ್ಲಿ ವರದಿ ನೀಡಿತು. 2009ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ನಿಯಮಾವಳಿಯನ್ನು ಹೊರಡಿಸಿತು. ಈ ನಿಯಮಾವಳಿಯ ಶಿಕ್ಷೆಯ ಭಾಗ ಎಲ್ಲರಿಗೂ ಗೊತ್ತು. ಅದರೊಳಗೆ ಇನ್ನೊಂದು ಭಾಗವಿದೆ, ಅದನ್ನು ಓದಿದವರು ಕಡಿಮೆ. ಪ್ರತಿ ಶೈಕ್ಷಣಿಕ ವರ್ಷದ ಕೊನೆಯಲ್ಲಿ ಸಂಸ್ಥೆಯು ಸ್ವಇಚ್ಛೆಯಿಂದ ಮುಂದೆ ಬರುವ ವಿದ್ಯಾರ್ಥಿಗಳ ಒಂದು ಮಾರ್ಗದರ್ಶಕ ಘಟಕವನ್ನು ಕಟ್ಟಬೇಕು, ಆರು ಮಂದಿ ಹೊಸಬರಿಗೆ ಒಬ್ಬ ಮಾರ್ಗದರ್ಶಕನಿರಬೇಕು, ಅಂತಹ ಆರು ಮಂದಿ ಮಾರ್ಗದರ್ಶಕರಿಗೆ ಮೇಲಿನ ಹಂತದ ಒಬ್ಬನಿರಬೇಕು, ಸಂಸ್ಥೆಯಲ್ಲಿ ಎಷ್ಟು ತಂಡಗಳಿವೆಯೋ ಅಷ್ಟು ಹಂತಗಳಿರಬೇಕು ಎಂದು ಅದು ಹೇಳುತ್ತದೆ. 300 ಮಂದಿ ಹೊಸಬರಿರುವ ಕಾಲೇಜಿಗೆ ಎರಡನೆಯ ವರ್ಷದ 50 ಮಂದಿ, ಅವರ ಮೇಲೆ ಮೂರನೆಯ ವರ್ಷದ 9 ಮಂದಿ, ಅವರ ಮೇಲೆ ಅಂತಿಮ ವರ್ಷದ ಇಬ್ಬರು ಸಾಕು. ಒಟ್ಟು 61. ಹಣ ಬೇಡ, ಕಟ್ಟಡ ಬೇಡ. ಹಿಂಸೆಯ ಸರಪಳಿ ಸಾಗುವ ಅದೇ ಏಣಿಯ ಮೇಲೆ ನೆರವಿನ ಸರಪಳಿಯನ್ನು ಸಾಗಿಸುವ ಈ ಯೋಚನೆಯಲ್ಲಿ ಜಾನಪದ ವಿವೇಕವಿದೆಯೆಂದರೆ ಅತಿಶಯೋಕ್ತಿಯಾಗದು. ಮುಂದೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮೂರು ವಾರಗಳ ವಿದ್ಯಾರ್ಥಿ ಪರಿಚಯ ಕಾರ್ಯಕ್ರಮದಲ್ಲಿಯೂ, ಆಯೋಗದ 2019ರ ‘ದೀಕ್ಷಾರಂಭ’ ಕೈಪಿಡಿಯಲ್ಲಿಯೂ ಈ ವಿಚಾರ ಬೇರೆ ಬೇರೆ ರೂಪದಲ್ಲಿ ಬಂದಿದೆ.

ಕಡತ ಮತ್ತು ಜಾತಿ

ವಿಚಾರ ಕಡತಕ್ಕೆ ಇಳಿದಾಗ ಎರಡು ತೊಡಕುಗಳು ಹುಟ್ಟುತ್ತವೆ. ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು. ಮೌಲ್ಯಾಂಕನ ಸಮಿತಿ ಬರುವ ಮುನ್ನ ಮೆಂಟರ್–ಮೆಂಟಿ ರಿಜಿಸ್ಟರು ತುಂಬುತ್ತದೆ, ಭೇಟಿಯ ದಿನಾಂಕಗಳು ಒಂದೇ ಶಾಯಿಯಲ್ಲಿ ಮೂಡುತ್ತವೆ, ಸಮಿತಿ ಹೋದ ಮೇಲೆ ಬೀರು ಸೇರುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳನ್ನು ‘ಮುಂದುವರಿದ ಕಲಿಕೆಯವರು’, ‘ನಿಧಾನ ಕಲಿಕೆಯವರು’ ಎಂದು ವಿಂಗಡಿಸುವ ರೂಢಿ ಅದಕ್ಕಿಂತ ಹೆಚ್ಚು ಹಾನಿಕರ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯುರಿ ಟ್ರೈಸ್‌ಮನ್ 1970ರ ದಶಕದಲ್ಲಿ ನಡೆಸಿದ ಅಧ್ಯಯನ ಈ ದೃಷ್ಟಿಯಿಂದ ಉಲ್ಲೇಖನೀಯ. ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಬಡತನ, ಪೂರ್ವಸಿದ್ಧತೆಯ ಕೊರತೆ, ಆಸಕ್ತಿಯಿಲ್ಲದಿರುವುದು ಕಾರಣಗಳೆಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ಅವರೊಡನೆ ಇದ್ದು ನೋಡಿದಾಗ ಕಂಡದ್ದು ಬೇರೆ: ಚೀನೀ ಮೂಲದವರು ತರಗತಿಯ ಹೊರಗೆ ಗುಂಪಾಗಿ ಕುಳಿತು ಒಬ್ಬರ ಲೆಕ್ಕವನ್ನು ಒಬ್ಬರು ತಿದ್ದುತ್ತಿದ್ದರು; ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟು ಓದಿದರೂ ಒಂಟಿಯಾಗಿ ಓದುತ್ತಿದ್ದರು. ಅವರು ಆರಂಭಿಸಿದ ಕಾರ್ಯಾಗಾರದಲ್ಲಿ ಹಿಂದುಳಿದವರಿಗೆಂದು ಸುಲಭ ಲೆಕ್ಕಗಳನ್ನು ಕೊಡಲಿಲ್ಲ, ಕಠಿಣ ಲೆಕ್ಕಗಳನ್ನೇ ಕೊಟ್ಟು ಕೂಡಿ ಬಿಡಿಸಲು ಬಿಟ್ಟರು, ಫಲಿತಾಂಶ ಸುಧಾರಿಸಿತು. ಇಕ್ಕೇರಿಯ ದಾರಿಯ ನಾಲ್ವರು ಹುಡುಗರನ್ನು ಟ್ರೈಸ್‌ಮನ್ ಕಂಡಿದ್ದರೆ ಬಹುಶಃ ಅಚ್ಚರಿಪಡುತ್ತಿರಲಿಲ್ಲ.

ಎರಡನೆಯ ತೊಡಕನ್ನು ಕುರಿತು ಮಾತು ಕಡಿಮೆ. ತಾನಾಗಿಯೇ ಹುಟ್ಟುವ ಹಿರಿಯ–ಕಿರಿಯ ನೆರವು ಊರು, ನಂಟು, ಜಾತಿಗಳ ಕಾಲುವೆಯಲ್ಲಿಯೇ ಹರಿಯುತ್ತದೆ. ‘ನಮ್ಮೂರ ಕಡೆಯವನು’ ಎಂಬ ಮಾತಿನ ಹಿಂದೆ ‘ನಮ್ಮವನು’ ಎಂಬುದು ಅಡಗಿರುತ್ತದೆ. ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು ಈ ನಾಡಿನ ಶಿಕ್ಷಣಕ್ಕೆ ಮಾಡಿದ ಉಪಕಾರ ದೊಡ್ಡದು. ಅದೇ ಹಾಸ್ಟೆಲುಗಳಿಂದಾಗಿ ನೋಟ್ಸು, ಡ್ರಾಫ್ಟರು, ಕಿವಿಮಾತುಗಳು ಒಂದು ಗೋಡೆಯೊಳಗೆ ಸುತ್ತುತ್ತವೆ. ಕಾಲೇಜಿನಲ್ಲಿ ತನ್ನ ಸಮುದಾಯದ ಹಿರಿಯರು ತುಂಬಿರುವವನಿಗೆ ಇಡೀ ಪರಂಪರೆ ದೊರೆಯುತ್ತದೆ, ಯಾರೂ ಇಲ್ಲದವನಿಗೆ ಏನೂ ದೊರೆಯದು. ದಿನವೂ ಕುಣಿಗಲ್ಲಿಗೆ ಹಿಂತಿರುಗುವವರಿಗೆ ಹಾಸ್ಟೆಲಿನ ರಾತ್ರಿಯ ಪಾಠವೂ ಇಲ್ಲ. ಅವರಲ್ಲಿ ಹೆಣ್ಣುಮಕ್ಕಳ ಸ್ಥಿತಿ ಇನ್ನಷ್ಟು ಬಿಗಿ, ಏಕೆಂದರೆ ಸೀನಿಯರ್ ಹುಡುಗನ ಹತ್ತಿರ ಲೆಕ್ಕ ಹೇಳಿಸಿಕೊಂಡುದು ಮನೆಗೆ ಬೇರೆಯೇ ಸುದ್ದಿಯಾಗಿ ತಲುಪೀತೆಂಬ ಅಂಜಿಕೆಯಿರುತ್ತದೆ. ಕಡತ ಬೇಕಾಗುವುದು ಇಲ್ಲಿ. ಕಾಲೇಜು ತಾನೇ ಪಟ್ಟಿ ಮಾಡಿ ಆರಾರು ಮಂದಿಯನ್ನು ಒಬ್ಬ ಹಿರಿಯನಿಗೆ ಅಥವಾ ಹಿರಿಯಳಿಗೆ ಒಪ್ಪಿಸಿದಾಗ ಕಾಲುವೆಯ ದಡ ಒಡೆಯುತ್ತದೆ. ಕೇಳುವುದಕ್ಕೆ ಒಂದು ನೆಪ, ಒಂದು ಹಕ್ಕು ಸಿಗುತ್ತದೆ. ಜನಪದರ ಸಹಜತೆಯನ್ನು ಹೊಗಳುತ್ತ ಸಂಸ್ಥೆಯ ಏರ್ಪಾಡನ್ನು ಕೃತಕವೆಂದು ತಳ್ಳಿಹಾಕುವ ವಿದ್ವಾಂಸರು ಈ ಮಾತನ್ನು ಗಮನಿಸಬೇಕು. ಯಾವುದು ಸಹಜವೆನಿಸುತ್ತದೆಯೋ ಅದು ಕೆಲವರಿಗೆ ಮಾತ್ರ ಸಹಜವಾಗಿರುತ್ತದೆ.

ಹೀಗೆ ಪಟ್ಟಿ ಮಾಡುವಾಗ ಕೆಲವು ಸಣ್ಣ ಸಂಗತಿಗಳು ಮುಖ್ಯವಾಗುತ್ತವೆ. ಬಸ್ಸಿನಲ್ಲಿ, ರೈಲಿನಲ್ಲಿ ಓಡಾಡುವವರ ಗುಂಪನ್ನು ಅದೇ ದಾರಿಯಲ್ಲಿ ಓಡಾಡುವ ಹಿರಿಯರಿಗೆ ಒಪ್ಪಿಸಿದರೆ ಪ್ರಯಾಣದ ಹೊತ್ತೇ ತಾಲೀಮಿನ ಹೊತ್ತಾಗುತ್ತದೆ. ಭೇಟಿ ಪರೀಕ್ಷೆಯ ಹಿಂದಿನ ವಾರಕ್ಕೆ ಬದಲು ಮೊದಲ ಇಂಟರ್ನಲ್ಸಿಗೆ ಬಹಳ ಮೊದಲೇ ಆರಂಭವಾಗಬೇಕು, ಏಕೆಂದರೆ ಆ ಅಂಕಗಳನ್ನು ಕಂಡ ದಿನವೇ ಅನೇಕರು ತಮ್ಮ ಬಗ್ಗೆ ತೀರ್ಪು ಕೊಟ್ಟುಕೊಂಡುಬಿಡುತ್ತಾರೆ. ಅನ್ನ ಬಿಟ್ಟವನು, ಕೋಣೆಯಿಂದ ಹೊರಬಾರದವನು, ಊರಿಗೆ ಹೋಗಿ ಮರಳದವನು ಕಂಡುಬಂದರೆ ತಾನೇ ಪರಿಹರಿಸಲು ಹೋಗದೆ ಅಧ್ಯಾಪಕರಿಗೆ, ವೈದ್ಯರಿಗೆ ತಿಳಿಸಬೇಕೆಂಬುದನ್ನು ಹಿರಿಯನಿಗೆ ಮೊದಲೇ ಹೇಳಿರಬೇಕು. ಇಪ್ಪತ್ತು ವರ್ಷದವನ ಹೆಗಲಿಗೆ ಎಲ್ಲ ಭಾರವನ್ನೂ ಹೇರುವುದು ನ್ಯಾಯವಲ್ಲ. ಇನ್ನು, ಹಿರಿಯನ ಆಯ್ಕೆ. ಕಾಲೇಜುಗಳು ಸಾಮಾನ್ಯವಾಗಿ ರ‍್ಯಾಂಕ್ ಪಡೆದವರನ್ನು ಮುಂದೆ ನಿಲ್ಲಿಸುತ್ತವೆ. ಮೂಡಲಪಾಯದ ತಾಲೀಮಿನಲ್ಲಿ ಹುಟ್ಟಾ ಕುಣಿಯಬಲ್ಲವನಿಗಿಂತ ಬಿದ್ದು ಎದ್ದು ಹೆಜ್ಜೆ ಕಲಿತವನೇ ಹೊಸಬನಿಗೆ ಹೆಜ್ಜೆ ಬಿಡಿಸಿ ತೋರಿಸಬಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಉಳಿಸಿಕೊಂಡು, ಎರಡನೆಯ ಸಲ ಕಟ್ಟಿ ಪಾಸು ಮಾಡಿದ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಎರಡನೆಯ ವರ್ಷದಲ್ಲಿ ಕುಳಿತಿದ್ದರೆ ಆ ಆರು ಮಂದಿಯನ್ನು ಮೊದಲು ಅವಳಿಗೆ ಒಪ್ಪಿಸಬೇಕು.